ಶನಿವಾರದ ಬೋಣಿ

ಸೊರಬದ ಮುಖ್ಯರಸ್ತೆಯ ನಮ್ಮ ಅಂಗಡಿಗೆ 'ಶ್ರೀ ಮಾರುತಿ ಕಿರಾಣಿ ಸ್ಟೋರ್ಸ್' ಎಂದು ಎಷ್ಟು ದೊಡ್ಡ ಬೋರ್ಡು ಬರೆಸಿದರೂ ಊರಿನ ಬಾಯಲ್ಲಿ ಅದು ಮಂಗನ ಅಂಗಡಿಯೇ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಇದಕ್ಕೆಲ್ಲ ನಮ್ಮ ಮಾವ ಹುಚ್ಚರಾಯಪ್ಪನವರೇ ಕಾರಣ. ಶಿಕಾರಿಪುರದಿಂದ ಬಂದು ಅಂಗಡಿ ತೆರೆದ ದಿನ, ಗಿರಾಕಿಗಿಂತ ಮೊದಲು ಮಂಗವೊಂದು ನುಗ್ಗಿ ಬೆಲ್ಲದ ಅಚ್ಚು ಎತ್ತಿಕೊಂಡು ಹೋಯಿತಂತೆ. ಬೇರೆಯವರಾಗಿದ್ದರೆ ಕೋಲು ಹಿಡಿಯುತ್ತಿದ್ದರು. ಇವರು ಕೈಮುಗಿದರು! ಅಂದಿನಿಂದ ಪ್ರತಿ ಶನಿವಾರದ ಬೋಣಿ ಮಂಗಗಳದು. ಅವು ಬೆಲ್ಲ ಮುಟ್ಟುವ ತನಕ ಮನುಷ್ಯರಿಗೆ ಒಂದು ಬೆಂಕಿಪೊಟ್ಟಣವನ್ನೂ ಕೊಡುವಂತಿಲ್ಲ. ಎದುರಿಗೇ ಸೂಪರ್ ಮಾರ್ಕೆಟ್ ಬಂದರೂ ನಮ್ಮ ಗಿರಾಕಿಗಳು ಕದಲಲಿಲ್ಲ. ಅದೆಲ್ಲ ಆ ಬೆಲ್ಲದ ಪುಣ್ಯ ಎನ್ನುತ್ತಿದ್ದರು ನನ್ನ ಗಂಡ ಶಿವಯೋಗಿ.

ಈ ಬೇಸಿಗೆಯಲ್ಲಿ ಒಂದು ಶನಿವಾರ ಮಂಗಗಳು ಬರಲೇ ಇಲ್ಲ. ಇಟ್ಟ ಬೆಲ್ಲಕ್ಕೆ ಇರುವೆ ಮುತ್ತಿತು. ಕ್ಯಾಸನೂರಿನ ಕಡೆ ಮಂಗಗಳು ಸಾಯುತ್ತಿವೆ, ಸತ್ತದ್ದನ್ನು ಮುಟ್ಟಬೇಡಿ, ಅದರ ಮೈಮೇಲಿನ ಉಣುಗು ಕಚ್ಚಿದರೆ ಮನುಷ್ಯರಿಗೂ ಮಂಗನ ಕಾಯಿಲೆ ಎಂದು ಆಟೋದ ಮೈಕು ಕೂಗುತ್ತ ಹೋಯಿತು. ಮುಂದಿನ ಶನಿವಾರ ಒಂದೇ ಒಂದು ಮಂಗ ಬಂತು. ಬೆಲ್ಲದ ಕಡೆ ನೋಡಲಿಲ್ಲ. ನಮ್ಮ ಹೊಸ್ತಿಲ ಮೇಲೆ ಒರಗಿ ಸತ್ತಿತು.

"ಸಾವ್ಕಾರ್ರೇ, ಮುಟ್ಬ್ಯಾಡ್ರೀ! ಆಸ್ಪತ್ರೆಯೋರಿಗೆ ಫೋನ್ ಮಾಡೀನಿ, ಅವ್ರೇ ಬಂದು ಸುಡ್ತಾರೆ," ಎಂದು ಪಕ್ಕದ ಟೈಲರ್ ಜಬೀವುಲ್ಲಾ ಕೂಗಿದ.

"ಹನುಮಪ್ಪ ನಮ್ಮ ಹೊಸ್ತಿಲು ಹುಡ್ಕ್ಯಂಡು ಬಂದು ಪ್ರಾಣ ಬಿಟ್ಟಾನೆ. ಬೀದಿ ಹೆಣದಂಗೆ ಸುಡಾಕೆ ಬಿಡ್ಲೇನೋ?" ಎಂದರು ನನ್ನ ಗಂಡ.

"ಹನುಮಪ್ಪ ಸಂಜೀವಿನಿ ತಂದೋನು, ಕಾಯಿಲೆ ತರೋನಲ್ಲ! ಬಿಡ್ರೀ ಅದನ್ನ!" ಎಂದು ನಾನೂ ಗಂಟಲು ಹರಿದುಕೊಂಡೆ.

ಕೇಳುವ ಆಸಾಮಿಯೇ? ಅರಿಶಿನದ ನೀರಿನಲ್ಲಿ ತೊಳೆದರು. ತಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಸುತ್ತಿ, ಮಗುವನ್ನು ಎತ್ತಿಕೊಳ್ಳುವಂತೆ ಎದೆಗವಚಿ ಹಿತ್ತಲಿಗೆ ಒಯ್ದು ಮಣ್ಣು ಮಾಡಿದರು.

ಊಟಕ್ಕೆ ಕೂತಾಗ ಅವರ ಕಿವಿಯ ಹಿಂದೆ ಒಂದು ಸಾಸಿವೆ ಕಾಳು ಅಂಟಿತ್ತು. ಕಿರಾಣಿಯವರ ಮೈಮೇಲೆ ಸಾಸಿವೆ ಸಿಗುವುದು ಹೊಸದೇನಲ್ಲ. ಉಗುರಿನಿಂದ ಕೆರೆದೆ. ಬರಲಿಲ್ಲ. ಬಗ್ಗಿ ನೋಡಿದೆ. ಅದಕ್ಕೆ ಕಾಲುಗಳಿದ್ದವು.

"ಅಯ್ಯೋ ಶಿವನೇ! ಏಳ್ರೀ, ಆಸ್ಪತ್ರೆಗೆ ನಡೀರಿ!"

"ಸುಮ್ನಿರೇ ನೀಲಾ. ಅಪ್ಪನ ಕಾಲ್ದಿಂದ ಬೆಲ್ಲ ತಿನ್ಸೀವಿ, ಕೈ ಬಿಡ್ತಾನಾ?"

ಗಳಿಗೆಗೊಮ್ಮೆ ಅವರ ಹಣೆ ಮುಟ್ಟಿ ನೋಡುತ್ತಿದ್ದೆ. "ಹೊಸ ಮದುಮಗಳಂಗೆ ಆಡ್ತೀಯಲ್ಲೇ," ಎಂದು ನಗುತ್ತಿದ್ದರು. ಬುಧವಾರ ಹಣೆ ಕೆಂಡವಾಯಿತು. ನಾನು ಅತ್ತೆ, ಬೈದೆ, ಕಾಲು ಹಿಡಿದೆ. ಮಾತ್ರೆ ನುಂಗಿ ಗೋಡೆಯ ಕಡೆ ಮಗ್ಗುಲಾದರು.

ಶನಿವಾರ ಬೆಳಿಗ್ಗೆ ಹಾಸಿಗೆಯಿಂದಲೇ, "ಬೆಲ್ಲ ಇಟ್ಯೇನೇ?" ಎಂದು ಕೇಳಿದರು. ಬಾಯಿ ತೆರೆದಾಗ ಹಲ್ಲಿನ ಸಂದಿಯಲ್ಲಿ ರಕ್ತ ಕಂಡಿತು.

ಓಡಿಬಂದು ಅಂಗಡಿಯ ಶಟರ್ ಎಳೆದೆ. ಮಾವನವರ ಕಾಲದಿಂದ ಶನಿವಾರ ಅದು ಮುಚ್ಚಿದ್ದಿಲ್ಲ.

"ಯಾಕಕ್ಕಾ? ಬೋಣಿ ಆಗ್ಲಿಲ್ವಾ?" ಎಂದ ಜಬೀವುಲ್ಲಾ.

"ಈ ಸಲ ಬೋಣಿಗೆ ಆ ಮಂಗ ನಮ್ಮನೆಯವರನ್ನೇ ಕೇಳ್ತೈತಲ್ಲೋ ತಮ್ಮಾ! ನಿನ್ನ ಗಾಡಿ ತಗಂಬಾ, ಬೇಗ!"