ಶಾಲೆಯಿಂದ ಬಂದ ಮೂರು ಕಾಗದ

ಹೊಸ ದೇಶ, ಹೊಸ ಭಾಷೆ, ಬಾಡಿಗೆಗೆ ಹಿಡಿದ ಒಂದೇ ಕೋಣೆ. ಇಂಥ ಮನೆಗೆ ಶಾಲೆಯಿಂದ ಕಾಗದ ಬಂದರೆ ಓದುವವರು ಯಾರು? ನಮ್ಮ ಇಸ್ತ್ರಿಯಮ್ಮನ ಮನೆಗೆ ಒಂದಲ್ಲ, ಮೂರು ಬಂದವು. ಮೂರನ್ನೂ ಹಾಸಿಗೆಯ ಕೆಳಗೆ ತಳ್ಳಿ ಅದರ ಮೇಲೇ ಮಲಗಿದಳು. ನಿದ್ದೆ ಎಲ್ಲಿಂದ ಬರಬೇಕು?

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಆಕೆಗೆ ಕೆಲಸ. ದಿನವಿಡೀ ಬಿಳಿ ಹಾಸುಗಳಿಗೆ ಇಸ್ತ್ರಿ ಹಾಕುವುದು, ಮಡಚುವುದು, ಪೇರಿಸುವುದು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸದು. ಕೇಳಿಸಿದರೂ ಆಡಲು ಆಕೆಗೆ ಆ ಊರಿನ ಭಾಷೆ ಬಾರದು. ಗಂಡ ಕಟ್ಟಡದ ಕೆಲಸಕ್ಕೆಂದು ದೂರ ಹೋದವನು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಎಷ್ಟೋ ದಿನ ಆಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಮನೆಗೆ ಬಂದದ್ದುಂಟು.

ಒಂಬತ್ತು ವರ್ಷದ ಮಗಳು ಪುಟ್ಟಿಯನ್ನು ಸರ್ಕಾರಿ ಶಾಲೆಗೆ ಸೇರಿಸಿದ ದಿನ ಆಕೆ ಹೇಳಿದ ಬುದ್ಧಿಮಾತು ಒಂದೇ: "ಯಾರು ಏನು ಕೇಳಿದ್ರೂ ನಗ್ತಾ ತಲೆ ಆಡ್ಸು. ಎದುರು ಮಾತಾಡ್ಬೇಡ. ಬಂದವರು ನಾವು."

ಲಾಂಡ್ರಿಯಲ್ಲಿ ತಾನು ಬದುಕಿದ್ದೂ ಹಾಗೇ ಅಲ್ಲವೇ! ಪುಟ್ಟಿಯೂ ಅಮ್ಮನ ಮಾತು ಮೀರುವವಳಲ್ಲ. ಕೋಲೆಬಸವನ ಹಾಗೆ ಎಲ್ಲದಕ್ಕೂ ತಲೆಯಾಡಿಸಿದಳು.

ಮೂರನೆಯ ಕಾಗದ ಬಂದ ಮೇಲೆ, ತಮ್ಮನ್ನು ಈ ದೇಶದಿಂದ ಅಟ್ಟಲೆಂದೇ ಶಾಲೆ ಕರೆಯುತ್ತಿದೆ ಎಂದುಕೊಂಡು ಇಸ್ತ್ರಿಯಮ್ಮ ಗಟ್ಟಿ ಮನಸ್ಸು ಮಾಡಿದಳು. ಸೋಮವಾರದಿಂದ ಮಗಳಿಗೆ ಶಾಲೆ ಬೇಡ. ಓದು ಇಲ್ಲದಿದ್ದರೆ ಹೋಗಲಿ, ಇರಲು ನೆಲೆಯಾದರೂ ಉಳಿಯಲಿ.

ಭಾನುವಾರ ಗೇಟಕ್ಕ ಬಂದಳು. ಶಾಲೆಯ ಗೇಟು ಕಾಯುವವಳು. ಇಪ್ಪತ್ತು ವರ್ಷದ ಹಿಂದೆ ಇವರ ನಾಡಿನಿಂದಲೇ ಬಂದವಳು. ಗಂಟಲು ದೊಡ್ಡದು, ಮನಸ್ಸು ಇನ್ನೂ ದೊಡ್ಡದು.

"ಮೂರು ಸಲ ಕರೆದ್ರೂ ಬರಲಿಲ್ವಲ್ಲೇ ತಾಯಿ! ಟೀಚರು ನನ್ನೇ ಅಟ್ಟಿದ್ರು. ಎಲ್ಲಿ ಆ ಕಾಗದ?"

ಇಸ್ತ್ರಿಯಮ್ಮ ಬಾಗಿಲು ಮುಂದೆ ಮಾಡಿದಳು. ಹಾಸಿಗೆ ಎತ್ತಿ ತೋರಿಸಿದಳು. "ಅಕ್ಕಾ, ನಮ್ಮನ್ನ ವಾಪಸ್ ಕಳಿಸ್ತಾರೆ ಅಂತ ತಾನೇ ಬರ್ದಿರೋದು?"

ಗೇಟಕ್ಕ ಓದಿ ಹಣೆ ಚಚ್ಚಿಕೊಂಡಳು. "ಹಗ್ಗ ನೋಡಿ ಹಾವು ಅಂದ್ಕೊಂಡ್ಯಲ್ಲ! ಮಗಳ ಓದಿನ ಬಗ್ಗೆ ಮಾತಾಡೋಣ ಬನ್ನಿ, ನಿಮ್ಮ ಭಾಷೆ ಬಲ್ಲವರನ್ನ ಕರೆಸ್ತೀವಿ, ನಿಮಗೆ ಯಾವ ಹೊತ್ತು ಅನುಕೂಲ ಅಂತ ಕೇಳಿದ್ದಾರೆ. ಅಷ್ಟೇ."

"ಸಹಾಯ ಕೇಳಿದ್ರೆ ಹೆಸರು ಬರ್ಕೋತಾರೆ. ಆಮೇಲೆ ಪೊಲೀಸರು ಬರ್ತಾರೆ."

"ನನ್ನ ಮಕ್ಕಳೂ ಇದೇ ಶಾಲೇಲಿ ಓದಿದ್ದು. ವಯಸ್ಸು ಕೇಳಿದ್ರು, ವಿಳಾಸ ಕೇಳಿದ್ರು. ಈ ದೇಶಕ್ಕೆ ಹೇಗೆ ಬಂದ್ರಿ ಅಂತ ಯಾರೂ ಕೇಳ್ಲಿಲ್ಲ. ನಂಬಿಕೆ ಇಲ್ದಿದ್ರೆ ಟೀಚರ್ ಬಾಯಿಂದ್ಲೇ ಕೇಳಿಸ್ಕೋ. ಅತ್ತರೆ ತಾನೇ ತಾಯಿ ಹಾಲು ಕೊಡೋದು? ನೀವಿಬ್ರೂ ಬಾಯಿ ಹೊಲ್ಕೊಂಡು ಕೂತ್ರೆ ಯಾರಿಗೆ ಏನು ಗೊತ್ತಾಗ್ಬೇಕು?"

ಸೋಮವಾರ ಕೆಲಸ ಮುಗಿಸಿ, ಗೇಟಕ್ಕ ಹೇಳಿಟ್ಟ ಹೊತ್ತಿಗೆ ಇಸ್ತ್ರಿಯಮ್ಮ ಪುಟ್ಟಿಯನ್ನು ಕರೆದುಕೊಂಡು ಶಾಲೆಗೆ ಹೋದಳು. ಮಕ್ಕಳ ಪುಟ್ಟ ಕುರ್ಚಿಯ ತುದಿಯಲ್ಲಿ ಕೂತಳು. ಟೀಚರ್ ಹೇಳಿದ್ದನ್ನು ಪಕ್ಕದಲ್ಲಿದ್ದ ದುಭಾಷಿ ಅವಳ ಭಾಷೆಯಲ್ಲಿ ಹೇಳುತ್ತಾ ಹೋದರು.

"ನಾಲ್ಕು ತಿಂಗಳಿಂದ ದಿನಾ ಕೇಳ್ತಿದ್ದೀನಿ. ಪಾಠ ತಿಳೀತಾ ಅಂದ್ರೆ ತಲೆ ಆಡಿಸ್ತಾಳೆ. ಹೋದ ವಾರ ಜ್ವರದಲ್ಲಿ ಮೈ ಸುಡ್ತಿತ್ತು. ಹುಷಾರಾಗಿದ್ದೀಯಾ ಅಂದ್ರೆ ಆಗ್ಲೂ ನಗ್ತಾ ತಲೆ ಆಡಿಸಿದ್ಲು. ನನಗೆ ಭಯ ಆಯ್ತು."

ಇಸ್ತ್ರಿಯಮ್ಮ ಮಗಳ ಕಡೆ ತಿರುಗಿದಳು. "ಬಿಡುವಿನಲ್ಲಿ ಯಾರ ಜೊತೆ ಆಡ್ತೀಯ ಪುಟ್ಟಿ?"

ಪುಟ್ಟಿ ನಕ್ಕು ತಲೆಯಾಡಿಸಿದಳು. ಹೆತ್ತ ತಾಯಿ, ಮನೆಯ ಮಾತಿನಲ್ಲೇ ಕೇಳಿದ ಪ್ರಶ್ನೆಗೂ! ಇಸ್ತ್ರಿಯಮ್ಮ ಮಗಳ ಕೈ ಹಿಡಿದುಕೊಂಡಳು.

"ಬೇಡ ಕಂದ. ನಾನೇ ತಪ್ಪು ಹೇಳ್ಕೊಟ್ಟೆ. ಬಾಯಿ ಬಿಟ್ಟು ಹೇಳು."

"ಯಾರೂ ಇಲ್ಲಮ್ಮ," ಎಂದಳು ಪುಟ್ಟಿ. "ಗೋಡೆ ಇಟ್ಟಿಗೆ ಎಣಿಸ್ತೀನಿ. ನಮ್ಮ ಭಾಷೇಲಿ."

ಇಸ್ತ್ರಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಟೀಚರಿಗೆ ಇದನ್ನು ಯಾರೂ ಭಾಷಾಂತರಿಸಿ ಹೇಳಬೇಕಾಗಲಿಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಇಸ್ತ್ರಿಯಮ್ಮ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ನಮ್ಮನ್ನ ವಾಪಸ್ ಕಳಿಸ್ತೀರಾ?"

"ಅದು ಶಾಲೆ ಕೆಲಸ ಅಲ್ಲಮ್ಮ. ಮಗೂಗೆ ಕಲಿಸೋದು ನಮ್ಮ ಕೆಲಸ."

ಪುಟ್ಟಿಗೆ ದಿನಾ ಒಂದು ಗಂಟೆ ಭಾಷೆಯ ಪಾಠ ಬೇರೆಯಾಗಿ ಶುರುವಾಯಿತು. ಶಾಲೆಯ ಕಾಗದ ಅವರ ಭಾಷೆಯಲ್ಲೇ ಬರತೊಡಗಿತು. ಎರಡು ಜಡೆಯ ಹುಡುಗಿಯೊಬ್ಬಳನ್ನು ಪುಟ್ಟಿಯ ಜೊತೆ ಕೂರಿಸಿದರು. ಒಂಟಿತನವೇನೂ ಮಾರನೆಯ ದಿನವೇ ಗಂಟುಮೂಟೆ ಕಟ್ಟಲಿಲ್ಲ. ಲಾಂಡ್ರಿಯ ಗದ್ದಲವೂ ಕಡಿಮೆಯಾಗಲಿಲ್ಲ. ಆದರೆ ಒಂದು ಸಂಜೆ ಪುಟ್ಟಿ ಚೀಲ ಎಸೆದು ಕೂಗಿದಳು. "ಅಮ್ಮಾ, ಆ ಎರಡು ಜಡೆಯವಳು ನನ್ನ ಪೆನ್ಸಿಲ್ ಇಸ್ಕೊಂಡು ಕೊಡ್ತಾನೇ ಇಲ್ಲ!"

ಜಗಳ ಆಡಲು ಮಗಳಿಗೊಬ್ಬಳು ಸಿಕ್ಕಳಲ್ಲ ಎಂದು ಆ ತಾಯಿಗಾದ ಸಂತೋಷ ಅಷ್ಟಿಷ್ಟಲ್ಲ.

ಹೊಸದಾಗಿ ಬಂದ ತಾಯ್ತಂದೆಯರೇ, ಶಾಲೆ ಕರೆದರೆ ಹೋಗಿ. ಭಾಷೆ ಬಲ್ಲವರು ಬೇಕೆಂದು ಕೇಳಿ. ಕೇಳುವುದು ತಪ್ಪಲ್ಲ. ಮೊದಲಿನಿಂದ ಇರುವವರೇ, ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಮನೆ ಇದ್ದೀತು. ಬಾಗಿಲು ತಟ್ಟಿ, ಬಂದ ಕಾಗದ ಓದಿ ಹೇಳಿ. ನಿಮ್ಮ ಮಕ್ಕಳಿಗೆ ಇವತ್ತೇ ಒಂದು ಮಾತು ಹೇಳಿ: ಒಂಟಿಯಾಗಿ ನಿಂತ ಮಗುವನ್ನು ಕಂಡರೆ ಕೈ ಹಿಡಿದು ಆಟಕ್ಕೆ ಕರೆದುಕೊಂಡು ಬನ್ನಿ. ಅದಕ್ಕೆ ಯಾವ ಭಾಷೆಯೂ ಬೇಕಿಲ್ಲ.