ಮಸಿಅರಿವೆ

ಸಂಗಮನಾಥನಿಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ನಾಸಿಕ್ ರೋಡಿನ ಅವನ ಗಲ್ಲಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಆ ಸೋಮವಾರ ಬೆಳಿಗ್ಗೆ ಅವನು ಬೈಯುತ್ತಿದ್ದದ್ದು ಮನುಷ್ಯರನ್ನಲ್ಲ, ಮನೆ ಪಕ್ಕದ ಖಾಲಿ ಜಾಗದಲ್ಲಿ ನಿಂತ ಐದು ಟನ್ನಿನ ಲಾರಿಯನ್ನು.

ಸೈನ್ಯದವರು ಹರಾಜು ಹಾಕಿದ ಲಾರಿ ಅದು. ತಂದ ದಿನ ಒಂದೇ ತಿರುವಿಗೆ ಎದ್ದು ಗುಡುಗಿತ್ತು. ಆಮೇಲೆ ಎಂಟು ತಿಂಗಳು ಅವನು ಅದಕ್ಕೆ ಮಾಡದ ಸೇವೆಯಿಲ್ಲ. ತುಕ್ಕು ಕೆರೆದ. ಹಿಂದಿನ ಡಬ್ಬಿಯಲ್ಲಿ ಒಲೆ, ನೀರಿನ ತೊಟ್ಟಿ, ರೊಟ್ಟಿ ಬಡಿಯುವ ಕಟ್ಟೆ ಕೂರಿಸಿದ. ಕೊನೆಗೆ ಕೆಳಗಿನ ಚಾಸಿಯ ಒಂದೊಂದೇ ಬೋಲ್ಟು ಬಿಚ್ಚಿ, ಬೆರಳಗಲ ಜಾಗವನ್ನೂ ಬಿಡದೆ ಎರಡೆರಡು ಸಲ ಹಸಿರು ಬಣ್ಣ ಬಳಿದು ಮತ್ತೆ ಕಟ್ಟಿದ. ಕೆಳಗೆ ಬಗ್ಗಿ ಯಾರು ನೋಡುತ್ತಾರೆ ಎಂದು ಕೇಳಿದವರಿಗೆ, "ನಾ ನೋಡ್ತೀನಲ್ಲ" ಎಂದಿದ್ದ.

ಇಷ್ಟೆಲ್ಲ ಮಾಡಿದ್ದು ಮಗಳು ಅಶ್ವಿನಿಗಾಗಿ. ಸಂಭಾಜಿನಗರದ ಹೋಟೆಲುಗಳ ಅಡುಗೆಮನೆಯಲ್ಲಿ ಎಂಟು ವರ್ಷ ಬೇರೆಯವರಿಗೆ ಬೆವರು ಸುರಿಸಿದ ಮೇಲೆ, ದೌಲತಾಬಾದ್ ಕೋಟೆಯ ರಸ್ತೆಯಲ್ಲಿ ತನ್ನದೇ ರೊಟ್ಟಿ-ಝುಣಕದ ಗಾಡಿ ನಿಲ್ಲಿಸಬೇಕೆಂದು ಅವಳು ನಿಶ್ಚಯಿಸಿದ್ದಳು. ಒಳ್ಳೆಯ ಜಾಗ, ಹುಣಸೆಮರದ ನೆರಳು, ಪ್ರವಾಸಿಗರ ಬಸ್ಸು ನಿಲ್ಲುವುದು ಎದುರಿಗೇ. ಜಾಗದ ಒಡತಿ ಸಾವಿತ್ರಿಬಾಯಿಯ ಷರತ್ತು ಎರಡೇ. ಗಾಡಿ ದಿನಾ ಬೆಳಿಗ್ಗೆ ಬಂದು ಸಂಜೆ ಹೋಗಬೇಕು. ಮತ್ತೆ, ಬರುವ ಭಾನುವಾರ ಹತ್ತು ಗಂಟೆಯೊಳಗೆ ಬಂದು ನಿಲ್ಲದಿದ್ದರೆ ಜಾಗ ಕಬ್ಬಿನ ಹಾಲಿನವನಿಗೆ. ದಿನಾ ಎರಡು ಹೊತ್ತು ಓಡಾಡಬೇಕಾದ ಲಾರಿಯನ್ನು ತಳ್ಳಿ ಶುರುಮಾಡುತ್ತೇನೆ ಎಂದರೆ ಆಗುತ್ತದೆಯೇ?

"ಹ್ಞಾಂ, ತಿರುಗಿಸು!" ಲಾರಿಯ ಕೆಳಗೆ ಅಂಗಾತ ಮಲಗಿ ಸಂಗಮನಾಥ ಕೂಗಿದ. ಮೇಲೆ ಚಾಲಕನ ಸೀಟಿನಲ್ಲಿ ಕೂತ ಹೆಂಡತಿ ಕಸ್ತೂರಿಬಾಯಿ ಕೀಲಿ ತಿರುಗಿಸಿದಳು.

ಟಕ್. ಅಷ್ಟೇ. ಇಂಜಿನ್ನನ್ನು ತಿರುಗಿಸಬೇಕಾದ ಸ್ಟಾರ್ಟರ್ ಮಿಸುಕಲಿಲ್ಲ.

"ಬಿಡಬ್ಯಾಡ! ಗುಂಡೀನೂ ಒತ್ತಿ ಹಿಡಿ!"

ಇಂಜಿನ್ ನಿಲ್ಲಿಸುವಾಗ ಎಳೆಯುವ ಕಬ್ಬಿಣದ ಗುಂಡಿಯೊಂದು ಕೀಲಿಯ ಪಕ್ಕದಲ್ಲಿತ್ತು. ಸಡಿಲವಾಗಿದ್ದ ಅದನ್ನು ಒತ್ತಿ ಹಿಡಿಯದಿದ್ದರೆ ತಾನಾಗಿ ಹೊರಗೆ ಬರುತ್ತಿತ್ತು. ಕಸ್ತೂರಿಬಾಯಿ ಒತ್ತಿ ಹಿಡಿದಳು. ಟಕ್, ಟಕ್ ಎಂದು ಆರೇಳು ಸಲ ಆದ ಮೇಲೆ, "ಅಯ್ಯಯ್ಯ!" ಎಂದು ಕೈ ಕೊಡವಿದಳು.

"ರೀ, ಈ ಗುಂಡಿ ಸುಡ್ಲಿಕತ್ತದ ನೋಡ್ರಿ. ಒಮ್ಮೆ ಮ್ಯಾಲ ಬಂದು ನೋಡ್ರಿಲ್ಲಿ."

"ಬಿಸಿಲಾಗ ನಿಂತ ಕಬ್ಬಿಣ ಸುಡಲ್ದ ತಂಪ್ ಇರ್ತದೇನು? ಹೇಳಿದಷ್ಟು ಮಾಡು, ಬಾಕಿ ನನಗ ಬಿಡು!"

ಕಸ್ತೂರಿಬಾಯಿ ಬೆರಳಿಗೆ ಉಫ್ ಎಂದು ಊದಿಕೊಂಡು ಸುಮ್ಮನಾದಳು. ಬಸವಕಲ್ಯಾಣದಿಂದ ಮದುವೆಯಾಗಿ ಬಂದ ಈ ಮೂವತ್ತೈದು ವರ್ಷಗಳಲ್ಲಿ ಸುಮ್ಮನಾಗುವುದು ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು.

ಗಲ್ಲಿಯ ಮೂಲೆಯ ಗ್ಯಾರೇಜಿನ ಶ್ರೀರಾಮ್ ಬಂದು, "ಕಾಕಾ, ಒಂದ್ ಸಲ ಬಘೂ ಕಾ?" ಎಂದು ತಾನೂ ನೋಡಲು ಲಾರಿಯ ಕೆಳಗೆ ಬಗ್ಗಿದ. ಸಂಗಮನಾಥನಿಗೆ ಮೈಯೆಲ್ಲ ಉರಿದುಹೋಯಿತು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ವಿಮಾನದ ವಿದ್ಯುತ್ ಕೆಲಸ ಮಾಡಿದವನು, ಹೊಸಬರಿಗೆ ಪಾಠ ಹೇಳಿದವನು, ಸ್ಕೂಟರಿಗೆ ಪಂಕ್ಚರ್ ಹಾಕುವವನಿಂದ ಕಲಿಯಬೇಕೇ? ಶ್ರೀರಾಮ್ ಬಂದ ದಾರಿ ಹಿಡಿದ.

ಮಂಗಳವಾರ ಸ್ಟಾರ್ಟರ್ ಕೆಳಗಿಳಿಯಿತು. ಇಳಿಯುವಾಗ ಸಂಗಮನಾಥನ ಎದೆಯ ಮೇಲೇ ಇಳಿಯಿತು, ಎರಡು ದಿನ ಉಸಿರೆಳೆದರೆ ನೋವು. ಬಿಚ್ಚಿ, ತೊಳೆದು, ಒಳಗಿನ ಸವೆದ ಕಾರ್ಬನ್ ತುಂಡು ಬದಲಿಸಿದ. ನೆಲದ ಮೇಲಿಟ್ಟು ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟರೆ ಗಿರ್ರನೆ ತಿರುಗಿತು. ಬುಧವಾರ ಬೆವರು ಹರಿಸಿ ಮತ್ತೆ ಮೇಲೇರಿಸಿದ. ಟಕ್. ಬ್ಯಾಟರಿ ಅಳೆದ, ಪೂರ್ತಿ ಇಪ್ಪತ್ತನಾಲ್ಕು ವೋಲ್ಟು. ಮತ್ತೆ ಟಕ್. ಬೋಲ್ಟು ಬಿಗಿಯುವ ಪಾನಾ ಎಸೆದ. ಅದು ಹೋಗಿ ಕಸ್ತೂರಿಬಾಯಿಯ ತುಳಸಿ ಕುಂಡಕ್ಕೆ ಬಡಿಯಿತು.

"ನೆಲದ ಮ್ಯಾಲ ತಿರುಗತದ, ಗಾಡಿಗೆ ಹಾಕಿದ್ರ ತಿರುಗಂಗಿಲ್ಲ. ಅಂದ್ರ ಏನು? ತ್ರಾಣ ಇಲ್ಲ ಇದಕ್ಕ. ಬ್ಯಾರೇನೇ ತರಬೇಕು," ಎಂದು ತೀರ್ಪು ಕೊಟ್ಟ.

ಅಂಥ ಸ್ಟಾರ್ಟರ್ ನಾಸಿಕ್ಕಿನಲ್ಲಿ ಸಿಗಲಿಲ್ಲ. ಗುರುವಾರ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋದ. ಶುಕ್ರವಾರವಿಡೀ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿದ. ಒಂದಕ್ಕೆ ಹಲ್ಲು ಮುರಿದಿತ್ತು, ಇನ್ನೊಂದು ಹನ್ನೆರಡು ವೋಲ್ಟಿನದು, ಮತ್ತೊಂದರೊಳಗೆ ಇಲಿ ಮರಿ ಹಾಕಿತ್ತು. ಸಂಜೆಗೆ ಕೊನೆಯ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ಅಶ್ವಿನಿಯ ಕೋಣೆಯಲ್ಲಿ ಅದನ್ನು ಚಾಪೆಯ ಮೇಲಿಟ್ಟು ಒರೆಸುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತಳು.

"ಅಪ್ಪಾ, ಸಂಡೇಕ್ಕ ಆಗ್ತದಲ್ಲ? ನಕ್ಕೀ? ಖರೇನ? ಇಲ್ಲಾಂದ್ರ ಈಗೇ ಹೇಳ್ರಿ, ನಾ ಸಾವಿತ್ರಿಬಾಯಿಗೆ ಹಾತ್ ಜೋಡಿಸಿ ಇನ್ನ ನಾಲ್ಕ್ ದಿವಸ ಕೇಳ್ತೀನಿ."

"ಯಾರ ಮುಂದೂ ಕೈ ಜೋಡಿಸೋದ್ ಬ್ಯಾಡ. ನಿಮ್ಮಪ್ಪ ವಿಮಾನ ಹಾರಿಸಿದಾಂವ."

ಹಾರಿಸಿದ್ದು ಬೇರೆಯವರು, ಇವನು ತಂತಿ ಕಟ್ಟಿದವನು. ಆದರೂ ಅಶ್ವಿನಿ ನಂಬಿದಳು. ನಂಬಿ, ಭಾನುವಾರಕ್ಕೆಂದು ಜೋಳದ ಹಿಟ್ಟು ಬೀಸಲು ಕೊಟ್ಟುಬಂದಳು.

ಶನಿವಾರ ಅವನು ಸ್ಟಾರ್ಟರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತ ಬಸ್ಸು ಯೇವಲಾ ದಾಟಿದ ಮೇಲೆ ಕೆಟ್ಟುನಿಂತಿತು. ಚಾಲಕ ಎಷ್ಟು ಸಲ ಕೀಲಿ ತಿರುಗಿಸಿದರೂ ಟಕ್. ಸಂಗಮನಾಥ ಹಣೆ ಹಣೆ ಚಚ್ಚಿಕೊಂಡ. ಮನೆ ಸೇರುವಾಗ ಕತ್ತಲಾಗಿತ್ತು.

ಭಾನುವಾರ ಬೆಳಕು ಹರಿಯುವ ಮೊದಲೇ ಲಾರಿಯ ಕೆಳಗೆ ನುಗ್ಗಿದ. ಐದೂವರೆಗೆ ಬಿಟ್ಟರೆ ಹತ್ತಕ್ಕೆ ತಲುಪಬಹುದೆಂಬುದು ಲೆಕ್ಕ. ಬೋಲ್ಟು ಕೂಡಲಿಲ್ಲ, ಕೈ ಜಾರಿತು, ಕಿವಿಯೊಳಗೆ ಗ್ರೀಸು ಹೋಯಿತು. ಏಳೂವರೆಗೆ ಎಲ್ಲ ಬಿಗಿದು, ದೇವರನ್ನು ನೆನೆದು ಕೂಗಿದ: "ತಿರುಗಿಸು!"

ಟಕ್.

ಸಂಗಮನಾಥನಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. ಹೊರಗೆ ತೆವಳಿ ಬಂದು, ಸಿಟ್ಟನ್ನೆಲ್ಲ ಹತ್ತಿರವಿದ್ದವಳ ಮೇಲೆ ಹಾಕಿದ.

"ಇಳಿ ಕೆಳಗ! ನಿನ್ನ ಕೈಗುಣನೇ ನೆಟ್ಟಗಿಲ್ಲ. ನಾನೇ ತಿರುಗಿಸ್ತೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಸ್ತೂರಿಬಾಯಿ ಇಳಿದಳು. ಅವನು ಹತ್ತಿ ಕೂತ. ಆ ಗುಂಡಿಗೆ ಏನೋ ಸುತ್ತಿತ್ತು. ನೋಡಿದರೆ, ಒಲೆಯಿಂದ ಬಿಸಿ ಪಾತ್ರೆ ಇಳಿಸುವ ಮಸಿಅರಿವೆ.

"ಅಡಗಿಮನಿ ಅರಿವಿ ಇಲ್ಲ್ಯಾಕ?"

"ಗುಂಡಿ ಸುಡ್ತದಲ್ರಿ. ಸೋಮವಾರನೇ ಹೇಳಿದ್ದೆ."

"ಸೂರ್ಯ ಹುಟ್ಟಿ ಇನ್ನ ತಾಸಾಗಿಲ್ಲ, ಎಲ್ಲಿ ಸುಡ್ತದ?" ಎಂದು ಅರಿವೆ ಕಿತ್ತೆಸೆದ. ಬರಿಗೈಯಲ್ಲಿ ಗುಂಡಿ ಒತ್ತಿ ಹಿಡಿದು ಕೀಲಿ ತಿರುಗಿಸಿದ. ಒಂದು, ಎರಡು, ಮೂರು. ನಾಲ್ಕನೆಯ ಟಕ್ಕಿಗೆ ಚರ್ಮ ಚುರ್ ಎಂದಿತು.

ಅವನು ಕೈ ಬಾಯಿಗಿಟ್ಟುಕೊಂಡು ಹಾಗೇ ಕೂತುಬಿಟ್ಟ.

ಬೆರಳು ಸುಟ್ಟ ಕೂಡಲೇ ಎಲ್ಲ ತಿಳಿದುಹೋಯಿತು. ಇಂಜಿನ್ನಿಗೆ ಹೋದ ಕರೆಂಟು ಒಂದು ದಪ್ಪ ತಾಮ್ರದ ಪಟ್ಟಿಯ ಮೂಲಕ ಚಾಸಿಗೆ ಇಳಿದು ಬ್ಯಾಟರಿಗೆ ಮರಳಬೇಕು. ಆ ದಾರಿ ಮುಚ್ಚಿದ್ದರಿಂದ ಅದು ಈ ಗುಂಡಿಯಿಂದ ಇಂಜಿನ್ನಿಗೆ ಹೋಗುವ ಸಣ್ಣ ತಂತಿಯಲ್ಲಿ ನುಸುಳಿ ಅದನ್ನು ಕಾಯಿಸುತ್ತಿತ್ತು. ದಾರಿ ಮುಚ್ಚಿದವರು ಯಾರು? ಆ ಪಟ್ಟಿ ಬಿಚ್ಚಿ, ಅದರಡಿಯ ಬೆರಳಗಲ ಜಾಗವನ್ನೂ ಬಿಡದೆ ಎರಡೆರಡು ಸಲ ಹಸಿರು ಬಣ್ಣ ಬಳಿದವನು. ಬಣ್ಣದೊಳಗೆ ಕರೆಂಟು ಹರಿಯುವುದಿಲ್ಲ. ಮೂವತ್ತನಾಲ್ಕು ವರ್ಷ ಹೊಸಬರಿಗೆ ಅವನು ಹೇಳುತ್ತಿದ್ದ ಮೊದಲ ಪಾಠವೇ ಅದು: ಮೊದಲು ಬಣ್ಣ ಕೆರೆಯಿರಿ, ಆಮೇಲೆ ತಂತಿ ಕಟ್ಟಿರಿ. ದೀಪದ ಕೆಳಗೇ ಕತ್ತಲೆ.

ಲಾರಿಯ ಕೆಳಗೆ ಹೋದ. ಪಟ್ಟಿ ಬಿಚ್ಚಿ, ಅಡುಗೆಮನೆಯ ಚಾಕುವಿನಿಂದ ಬಣ್ಣ ಕೆರೆದ. ಬೆಳ್ಳಗೆ ಕಬ್ಬಿಣ ಕಂಡಿತು. ಮತ್ತೆ ಬಿಗಿದ. ಹತ್ತು ನಿಮಿಷದ ಕೆಲಸ. ಈ ಸಲ ಅವನು ಏನೂ ಹೇಳದಿದ್ದರೂ ಕಸ್ತೂರಿಬಾಯಿ ಹತ್ತಿ ಕೂತು ಕೀಲಿ ತಿರುಗಿಸಿದಳು. ಲಾರಿ ಒಂದೇ ತಿರುವಿಗೆ ಎದ್ದು ಗುಡುಗಿತು. ಯಾವ ತಪ್ಪೂ ಮಾಡದ ಹಳೆಯ ಸ್ಟಾರ್ಟರ್ ಗೋಡೆಯ ಪಕ್ಕ ಬಿದ್ದಿತ್ತು.

ಎಂಟು ಗಂಟೆ. ದೌಲತಾಬಾದಿಗೆ ನಾಲ್ಕೂವರೆ ತಾಸಿನ ದಾರಿ. ಫೋನ್ ಬಂತು.

"ಅಪ್ಪಾ, ಹೊಂಟ್ರಿ? ಎಲ್ಲಿದ್ದೀರಿ? ಕಬ್ಬಿನ ಹಾಲಿನವ ಗಾಣ ತಂದು ಮರದ ಬುಡಕ್ಕ ನಿಂತಾನ, ಹತ್ತಾಗೋದೇ ಕಾಯ್ಲಿಕತ್ತಾನ."

"ಈಗ ಚಾಲೂ ಆತವ್ವಾ. ಬರೋದ್ರಾಗ ಹನ್ನೆರಡೂವರಿ ಆಗ್ತದ."

ಅಶ್ವಿನಿ ಕೇಳಿದಳು: "ಏನಾಗಿತ್ತು?"

ಹೊಸ ಸ್ಟಾರ್ಟರ್ ಸರಿಯಿರಲಿಲ್ಲ ಎನ್ನಬಹುದಿತ್ತು. ಬಸ್ಸು ಕೆಟ್ಟಿತು ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಬಾಯಿ ತೆರೆದ. ಎದುರಿಗೆ ಕಸ್ತೂರಿಬಾಯಿ ನೆಲದ ಮೇಲಿದ್ದ ಮಸಿಅರಿವೆ ಎತ್ತಿ ಧೂಳು ಝಾಡಿಸುತ್ತಿದ್ದಳು. ಅವಳ ತೋರುಬೆರಳ ಮೇಲೆ ಸೋಮವಾರದ ಬೊಬ್ಬೆ ಒಡೆದು ಕಪ್ಪಾಗಿತ್ತು. ಮನೆಯಲ್ಲಿದ್ದಷ್ಟು ದಿನವೂ ಅದೇ ಕೈಯ ರೊಟ್ಟಿ ಉಂಡವನು ಅದನ್ನು ಈಗ ಕಂಡ.

"ನಿಮ್ಮವ್ವ ಸೋಮವಾರನೇ ಹೇಳಿದ್ಲು," ಎಂದ. "ನಾ ಕೇಳಲಿಲ್ಲ."

ಲಾರಿ ಗುಡುಗುತ್ತಲೇ ಇತ್ತು. ಮಗಳು ಬೈದರೂ ಸಾಕೆಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಅವ್ವನ ಕೈಯಾಗ ಕೊಡ್ರಿ ಫೋನು," ಎಂದಳು ಅಶ್ವಿನಿ.

ಅವನು ಕೊಟ್ಟ.