ಆರನೆಯ ತಟ್ಟೆ

ಹಳೆಯ ಸಾಮಾನಿನ ಸಂತೆಗೆ ಹೋಗುವ ಭಾನುವಾರ ಬಂತೆಂದರೆ ನನಗೆ ಜೀವ ಹಿಂಡಿದಂತಾಗುತ್ತದೆ. ಮೊಣಕಾಲು ಎರಡೂ ಮುಷ್ಕರ ಹೂಡಿವೆ, ಎಡಭುಜ ಮೇಲೇಳುವುದಿಲ್ಲ. ಆದರೂ ಹೋಗಲೇಬೇಕು. ನಮ್ಮ ಯಜಮಾನರ ಹುಚ್ಚಿಗೆ ಕಿವಿ ನಾನು.

ಹುಚ್ಚು ಎಂದರೆ ತಟ್ಟೆಗಳದು. ಯಾವ ಕಾಲದಲ್ಲೋ ಇಂಗ್ಲೆಂಡಿನಲ್ಲಿ ಮಾಡಿದ, ಕೈಯಿಂದ ಹೂಬಳ್ಳಿ ಬರೆದ ಪಿಂಗಾಣಿ ತಟ್ಟೆ, ಬಟ್ಟಲು, ಕಪ್ಪು, ಸಾಸರು. ಇವರು ನೂಲಿನ ಗಿರಣಿಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದವರು. ಒಂದೇ ಅಚ್ಚಿನ ಸಾಮಾನು ನೋಡಿ ನೋಡಿ ಕಣ್ಣು ಸತ್ತುಹೋಗಿತ್ತಂತೆ. ಹಾಗಿರುವಾಗ ಗುಜರಿಯಲ್ಲಿ ಮೊದಲ ತಟ್ಟೆ ಸಿಕ್ಕಿತು. ಅದರ ನೀಲಿ ಎಲೆಯೊಂದು ಅಂಚಿಗೆ ಬರುವಷ್ಟರಲ್ಲಿ ತೆಳುವಾಗಿ ಮಾಸಿತ್ತು. "ನೋಡೇ, ಇಲ್ಲಿ ಅವಳಿಗೆ ಬಣ್ಣ ಸಾಲ್ಲಿಲ್ಲ," ಎಂದು ಮಗುವಿನ ಹಾಗೆ ಹಿಗ್ಗಿದರು.

ಅವಳು ಎಂದರೆ ಅದನ್ನು ಬರೆದವಳು. ಅಲ್ಲಿ ಬಣ್ಣ ಬರೆಯುವ ಹೆಂಗಸರು ತಮ್ಮ ಕೆಲಸದ ಗುರುತಿಗೆ ತಟ್ಟೆಯ ಬೆನ್ನಿನ ಮೇಲೆ ಗೀಟನ್ನೋ ಚುಕ್ಕಿಯನ್ನೋ ಹಾಕುತ್ತಿದ್ದರಂತೆ. ಇವಳದು ಪುಟ್ಟ ಕೊಕ್ಕೆ. ಇವರು ಅವಳಿಗೆ ಕೊಕ್ಕೆಯಮ್ಮ ಎಂದು ಹೆಸರಿಟ್ಟರು, ನಾನು ಸವತಿ ಎಂದಿಟ್ಟೆ. ಅವಳ ನೀಲಿ ಬಳ್ಳಿಯ ತಟ್ಟೆಗಳು ಆರರ ಸೆಟ್ಟು. ಐದು ನಮ್ಮ ಮನೆ ಸೇರಲು ಹತ್ತೊಂಬತ್ತು ವರ್ಷ ಹಿಡಿಯಿತು. ಆರನೆಯದಕ್ಕಾಗಿ ಇವರು ಹುಡುಕದ ಮೂಲೆಯಿಲ್ಲ.

ಕೊಳ್ಳುವ ಮುಂಚೆ ತಟ್ಟಿ ನೋಡುವುದು ಈ ಹುಚ್ಚಿನವರ ಪದ್ಧತಿ. ಮೂರು ಬೆರಳ ತುದಿಯ ಮೇಲೆ ತಟ್ಟೆ ನಿಲ್ಲಿಸಿ ಅಂಚಿಗೆ ಉಗುರಿನಿಂದ ತಟ್ಟಬೇಕು. ಸರಿಯಿದ್ದರೆ ಠಣ್ಣೆನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೂ ಡಬ್ಬೆನ್ನುತ್ತದೆ. ಬಿರುಕಿನದು ನಮ್ಮ ಹೊಸಿಲು ದಾಟುವಂತಿಲ್ಲ. ಆದರೆ ಗಿರಣಿಯ ಸದ್ದು ಇವರ ಕಿವಿಯನ್ನು ತಿಂದುಹಾಕಿದೆ. ಕಿವಿಗೆ ಬಾಯಿಟ್ಟು ಕೂಗಿದರೆ ಅರ್ಧ ಕೇಳುತ್ತದೆ, ಉಳಿದರ್ಧ ನಮ್ಮ ತುಟಿ ನೋಡಿ ತಿಳಿಯುತ್ತಾರೆ. ನಾನೋ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕಿವಿ ಮಾರಿಕೊಂಡು ಬದುಕಿದವಳು. ಹಾಗಾಗಿ ಇವರು ತಟ್ಟುತ್ತಾರೆ, ನನ್ನ ಮುಖ ನೋಡುತ್ತಾರೆ. ನಾನು ತಲೆದೂಗಿದರೆ ಉಂಟು, ಅಲ್ಲಾಡಿಸಿದರೆ ಇಲ್ಲ.

ಮನೆ ಇರುವುದು ಎರಡೂವರೆ ಕೋಣೆ. ಬೀರುವಿನ ಮೇಲೆ, ಮಂಚದ ಕೆಳಗೆ, ಹೊಲಿಗೆ ಯಂತ್ರದ ಮೇಲೆ ಎಲ್ಲ ಕಡೆ ಪಿಂಗಾಣಿಯೇ, ಒಟ್ಟು ಮುನ್ನೂರ ಹನ್ನೊಂದು. ಒಂದರಲ್ಲೂ ಉಣ್ಣುವ ಹಾಗಿಲ್ಲ, ನಮ್ಮ ಊಟ ಸ್ಟೀಲಿನಲ್ಲಿ. ತಿಂಗಳಿಗೊಮ್ಮೆ ಎಲ್ಲವನ್ನೂ ಇಳಿಸಿ, ಬೋಗುಣಿಯ ತಳಕ್ಕೆ ಟವೆಲು ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದಾಗಿ ತೊಳೆದು ಒರೆಸುವವಳು ನಾನು. ಇವರ ಕೈಗೆ ಕೊಟ್ಟರೆ ಹೂವು ನೋಡುತ್ತ ಕೂತುಬಿಡುತ್ತಾರೆ, ಗಂಟೆಗೆ ನಾಲ್ಕು ಮುಗಿದರೆ ಪುಣ್ಯ.

ಹೋದ ವರ್ಷ ಒಂದು ಭಾನುವಾರ ಒಂದು ಬಟ್ಟಲು ಗಂಟೆಯ ಹಾಗೆ ಮೊಳಗಿತು. ನನಗೆ ಸಾಕಾಗಿತ್ತು. ತಲೆ ಅಲ್ಲಾಡಿಸಿದೆ. ಇವರು ಅದನ್ನು ಕೆಳಗಿಟ್ಟು ಮುಂದಿನ ಅಂಗಡಿಗೆ ನಡೆದರು. ಇಷ್ಟೇ ತಾನೇ ಅನ್ನಿಸಿತು. ಅಲ್ಲಿಂದೀಚೆಗೆ ಆ ಸಂತೆಗೆ ಬಂದ ಪಿಂಗಾಣಿಯೆಲ್ಲ ಬಿರುಕಿನದೇ ಆಯಿತು.

ಮುರಿದದ್ದನ್ನೆಲ್ಲ ಅಂಟಿಸಿ ಮಾರುವ ಅಂಗಡಿಯವನನ್ನು ಎಲ್ಲರೂ ಗೋಂದು ಎನ್ನುತ್ತಾರೆ. ಅವನಿಗೆ ನನ್ನನ್ನು ಕಂಡರೆ ಮೈಯೆಲ್ಲ ಉರಿ. "ನಿಮ್ಮ ಕಿವಿ ಏನು ಕೋರ್ಟಾ ಅಕ್ಕಾ? ನಾನು ಏನು ತಂದ್ರೂ ಶಿಕ್ಷೆನೇ!" ಎನ್ನುತ್ತಿದ್ದ.

ಈ ಭಾನುವಾರ ನಾನು ಅವನ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದೆ. ಇವರು ಒಂದು ರಾಶಿಯಿಂದ ತಟ್ಟೆ ತೆಗೆದು ತಟ್ಟಿದರು. ಠಣ್ಣೆಂದಿತು. ನಾನು ಅತ್ತ ನೋಡದೆಯೇ ತಲೆ ಅಲ್ಲಾಡಿಸಿದೆ, ಅಭ್ಯಾಸಬಲ. ಆಮೇಲೆ ಕಣ್ಣೆತ್ತಿದರೆ ನೀಲಿ ಬಳ್ಳಿ. ಇವರು ನಿಧಾನವಾಗಿ ಅದನ್ನು ಬೋರಲು ಮಾಡಿದರು. ಬೆನ್ನ ಮೇಲೆ ಕೊಕ್ಕೆ.

ಇವರು ಮತ್ತೆ ಬೆರಳ ಮೇಲೆ ನಿಲ್ಲಿಸಿ ಇನ್ನೊಂದು ಸಲ ತಟ್ಟಿ ನನ್ನನ್ನೇ ನೋಡಿದರು. ಈಗ ಸರಿಯಿದೆ ಎಂದರೆ ಒಂದು ವರ್ಷದ ಸುಳ್ಳೆಲ್ಲ ಬೀದಿಗೆ ಬೀಳುತ್ತದೆ. "ಬಿರುಕಿದೆ," ಎಂದೆ, ಅಗತ್ಯಕ್ಕಿಂತ ಜೋರಾಗಿ. ಇವರು ಅದನ್ನು ರಾಶಿಯ ಮೇಲಿಟ್ಟು ನನ್ನ ಕೈಚೀಲ ಎತ್ತಿಕೊಂಡರು.

ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಕೂತ ಮೇಲೆ ಇವರು ಬೆರಳ ತುದಿ ಉಜ್ಜಿಕೊಳ್ಳುತ್ತ, "ಒಳ್ಳೇ ತಟ್ಟೆ," ಎಂದರು.

"ಬಿರುಕಿತ್ತಲ್ಲ ರೀ."

"ಇರ್ಲಿಲ್ಲ ಕಣೇ. ಗಿರಣಿ ಗಲಾಟೇಲಿ ಬೇರಿಂಗ್ ಕೆಟ್ಟಿದ್ಯಾ ಅಂತ ಕಿವೀಲಿ ಕೇಳಕ್ಕಾಗ್ತಿತ್ತಾ? ಕೈ ಇಟ್ಟೇ ಹೇಳ್ತಿದ್ದೆ. ಸರಿ ಇರೋ ತಟ್ಟೆ ಬೆರಳಲ್ಲಿ ಜುಮ್ಮನ್ನುತ್ತೆ."

"ಹಾಗಾದ್ರೆ ಒಂದು ವರ್ಷದಿಂದ..."

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಮುಖ ಯಾಕೆ ನೋಡ್ತಿದ್ರಿ?"

"ಒರೆಸೋಳು ನೀನು. ಬೇಕೋ ಬೇಡವೋ ಅಂತ ನಿನ್ನನ್ನ ಕೇಳ್ಬೇಡ್ವಾ?"

"ಇವತ್ತು ಎರಡನೇ ಸಲ ತಟ್ಟಿದ್ರಲ್ಲ?"

"ಇದೊಂದಕ್ಕೆ ಹೂಂ ಅಂತೀಯೇನೋ ಅನ್ನಿಸ್ತು."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಬರುವವರೆಗೆ ಏಳಬೇಡಿ ಎಂದು ಕೈಸನ್ನೆ ಮಾಡಿ, ಕುಂಟುತ್ತ ಸಂತೆಗೆ ವಾಪಸು ಓಡಿದೆ. ಓಡಿದೆ ಎನ್ನುವುದು ದೊಡ್ಡ ಮಾತು.

ರಾಶಿಯ ಮೇಲೆ ತಟ್ಟೆ ಇರಲಿಲ್ಲ.

"ಬಿರುಕು ಅಂತ ನೀವೇ ಕೂಗಿದ್ರಲ್ಲ ಅಕ್ಕಾ, ಇಡೀ ಸಾಲಿಗೆ ಕೇಳಿಸ್ತು," ಎಂದ ಗೋಂದು. "ಹೇಗೂ ಬಿರುಕಿನದು, ಹೂವಿನ ಕುಂಡದ ಕೆಳಗೆ ಇಡ್ತೀನಿ ಅಂತ ಒಬ್ಬಮ್ಮ ಕೇಳಿದ್ಲು. ನಿಮ್ಮ ತೀರ್ಪಾದ್ಮೇಲೆ ಯಾರು ತಗೋತಾರೆ ಅಂತ ಕೊಟ್ಟುಬಿಟ್ಟೆ."

"ಯಾವ ಕಡೆ ಹೋದ್ಲು?"

"ಸಂತೇಲಿ ಯಾರು ಯಾವ ಕಡೆ ಅಂತ ಹೇಳೋದು?"

ಸಾಲುಸಾಲು ಎರಡು ಸುತ್ತು ಹಾಕಿದೆ. ಎಲ್ಲ ಹೆಂಗಸರ ಚೀಲದೊಳಗೂ ಕಳ್ಳಿಯ ಹಾಗೆ ಇಣುಕಿದೆ. ನೀಲಿ ಎಲ್ಲಿಯೂ ಕಾಣಲಿಲ್ಲ.

ಬೆಂಚಿನಲ್ಲಿದ್ದ ಇವರು ದೂರದಿಂದಲೇ ನನ್ನ ಬರಿಗೈ ನೋಡಿದರು. ಬಸ್ಸು ಬಂದಿತ್ತು. ನನ್ನನ್ನು ತೋಳು ಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ತಾವು ಕೂತು, "ಹೋಗ್ಲಿ ಬಿಡು. ಒರೆಸೋದು ಒಂದು ಕಮ್ಮಿ ಆಯ್ತು," ಎಂದರು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಬಸ್ಸು ಹೊರಟಿತು. "ತಪ್ಪಾಯ್ತು ರೀ," ಎಂದೆ ಮೆಲ್ಲಗೆ. ಇಂಜಿನ್ನಿನ ಸದ್ದಿಗೆ ಅದು ನನಗೇ ಕೇಳಲಿಲ್ಲ. ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ, "ತಪ್ಪಾಯ್ತು ರೀ!" ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವರೊಬ್ಬರು ಮಾತ್ರ ಕಿಟಕಿಯಾಚೆ ನೋಡುತ್ತಲೇ ಇದ್ದರು.